ಸುಮ್ಮನೆ ನಿಂತ ಮರಿಗೂ ನೋವಿದೆ: ಕುರಿಗಾಹಿಗಳಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ, ಚಿತ್ರದುರ್ಗ ಸೀಮೆಯ ಕುರಿಗಾಹಿ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ,



ಗಂಡುಮರಿಗಳ ಬೀಜ ಒಡೆಯುವ ಕೆಲಸದ ಬಗ್ಗೆ ನಿಮ್ಮ ಜೊತೆ ನಾಲ್ಕು ಮಾತಾಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. ಕುರಿ ಮೇಳಗಳಲ್ಲಿ ತಳಿಯ ಬಗ್ಗೆ, ಲಸಿಕೆಯ ಬಗ್ಗೆ, ಸಾಲ-ಸಬ್ಸಿಡಿಯ ಬಗ್ಗೆ ಗಂಟೆಗಟ್ಟಲೆ ಭಾಷಣಗಳಾಗುತ್ತವೆ. ಈ ವಿಷಯ ಬಂದರೆ ಮಾತ್ರ ವೇದಿಕೆಯ ಮೇಲಿದ್ದವರಿಗೆ ಸಂಕೋಚ, ಕೆಳಗೆ ಕೂತವರಿಗೆ ನಗು. ಹಾಗಾಗಿ ಅಜ್ಜ ಮಾಡಿದ್ದನ್ನು ಅಪ್ಪ, ಅಪ್ಪ ಮಾಡಿದ್ದನ್ನು ಮಗ ಮಾಡಿಕೊಂಡು ಬರುತ್ತಿದ್ದಾರೆ. ಸರಿಯೋ ತಪ್ಪೋ ಎಂದು ಯಾರೂ ಕೂತು ಮಾತಾಡಿಲ್ಲ.

ನಾನು ನಿಮ್ಮ ಸೀಮೆಯಲ್ಲೇ ಸರ್ಕಾರಿ ಪಶುವೈದ್ಯನಾಗಿ ದುಡಿದು ನಿವೃತ್ತನಾದವನು. ಕುರಿ ಕಾಯುವವರಿಗೆ ಕರುಣೆ ಇಲ್ಲ ಎಂದು ಹೇಳಲು ಬಂದವನಲ್ಲ. ನಡುರಾತ್ರಿ ಮಳೆಯಲ್ಲಿ ಹುಟ್ಟಿದ ಮರಿಯನ್ನು ಕಂಬಳಿಯೊಳಗೆ ಸುತ್ತಿ ತಾವು ನೆನೆಯುವವರು ನೀವು. ತಾಯಿ ಒಲ್ಲೆನೆಂದ ಮರಿಗೆ ಇನ್ನೊಂದು ಕುರಿಯ ಮೊಲೆ ಹಿಡಿಸಿ ಬದುಕಿಸುವವರು ನೀವು. ದೀಪಾವಳಿಗೆ ಹಟ್ಟಿಯಲ್ಲಿ ಹಾಲುಕ್ಕಿಸಿ ಕುರಿಗೆ ಕೈಮುಗಿಯುವವರೂ ನೀವೇ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದು. ಈ ಸಂಪತ್ತು ಕಚೇರಿಯಲ್ಲಿ ಹುಟ್ಟಿದ್ದಲ್ಲ, ನಿಮ್ಮ ಕಾಲ್ನಡಿಗೆಯಲ್ಲಿ ಹುಟ್ಟಿದ್ದು. ಆದ್ದರಿಂದಲೇ ಈ ಮಾತನ್ನು ನಗರದ ಪ್ರಾಣಿಪ್ರಿಯರ ಮುಂದೆ ಆಡದೆ ನೇರ ನಿಮ್ಮ ಮುಂದೆ ಆಡುತ್ತಿದ್ದೇನೆ.

ಹೇಳುವುದು ಇಷ್ಟೇ. ನಾವು ಒಡೆಯುವ ಬೀಜಗಳಲ್ಲಿ ಹೆಚ್ಚಿನವನ್ನು ಒಡೆಯುವ ಅಗತ್ಯವೇ ಇಲ್ಲ. ಒಡೆಯಲೇಬೇಕಾದ ಕೆಲವನ್ನು ಎಳೆಯ ವಯಸ್ಸಿನಲ್ಲಿ, ಸರಿಯಾದ ಇಕ್ಕಳದಲ್ಲಿ, ನೋವು ತಗ್ಗಿಸುವ ಇಂಜೆಕ್ಷನ್ ಕೊಟ್ಟು ಒಡೆಯಬಹುದು. ಕಲ್ಲು-ಕೊಡತಿಯ ಕಾಲ ಮುಗಿಯಬೇಕು.

ಆ ಕೆಲಸ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತು. ಪತ್ರ ಓದುವ ಬೇರೆಯವರಿಗಾಗಿ ಬರೆಯುತ್ತೇನೆ. ಹಿಂಡು ಮೇವಿಗೆ ಹೊರಡುವ ಮುನ್ನ ಗಂಡುಮರಿಯನ್ನು ಹಿಡಿದು ಮಲಗಿಸುತ್ತಾರೆ. ಒಬ್ಬರು ನಾಲ್ಕೂ ಕಾಲು ಜೋಡಿಸಿ ಹಿಡಿದು ಮರಿಯ ಕುತ್ತಿಗೆಯನ್ನು ಮೊಣಕಾಲಿನಿಂದ ಒತ್ತಿಕೊಳ್ಳುತ್ತಾರೆ. ಇನ್ನೊಬ್ಬರು ಬೀಜದ ಚೀಲವನ್ನು ಕೆಳಕ್ಕೆ ಎಳೆದು, ಅದರ ಬುಡವನ್ನು ಎರಡು ಕೋಲುಗಳ ನಡುವೆ ಸಿಕ್ಕಿಸಿ ಬಿಗಿಯುತ್ತಾರೆ. ಅಡಿಗೆ ನುಣುಪಾದ ಕಲ್ಲು ಇಲ್ಲವೇ ಮರದ ತುಂಡು, ಮೇಲಿನಿಂದ ಕೊಡತಿಯ ಏಟು. ಬೀಜ ನುಚ್ಚಾಯಿತೆಂದು ಬೆರಳಿಗೆ ತಿಳಿಯುವ ತನಕ ಬಡಿಯುತ್ತಾರೆ. ಕೆಲವರು ಬ್ಲೇಡಿನಿಂದ ಚೀಲದ ತುದಿ ಕೊಯ್ದು, ಬೀಜ ಹಿಂಡಿ ಹೊರಗೆಳೆದು, ಗಾಯಕ್ಕೆ ಅರಿಸಿನವನ್ನೋ ಬೂದಿಯನ್ನೋ ತುಂಬುತ್ತಾರೆ. ಇನ್ನು ಕೆಲವರು ದಾರದಿಂದ ಬುಡ ಬಿಗಿದು ಬಿಟ್ಟುಬಿಡುತ್ತಾರೆ. ಚೀಲ ತಣ್ಣಗಾಗಿ, ಕಪ್ಪಾಗಿ, ಒಣಗಿ ತಾನಾಗಿ ಉದುರುತ್ತದೆ.

ಏಟು ಬಿದ್ದಾಗ ಮರಿ ಒಮ್ಮೆ ಅರಚುತ್ತದೆ. ಕೆಲವು ಅರಚುವುದೂ ಇಲ್ಲ. ಬಿಟ್ಟ ಕೂಡಲೇ ಎದ್ದು ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತದೆ. ಹಿಂಗಾಲು ಅಗಲ, ಬೆನ್ನು ಬಾಗಿದೆ, ತಲೆ ತಗ್ಗಿದೆ. ಮೇಲ್ದುಟಿ ಸುರುಟಿಕೊಂಡಿದೆ, ಕಿವಿ ಹಿಂದಕ್ಕೆ ಮಡಿಚಿಕೊಂಡಿವೆ. ತಾಯಿ ಬಂದು ಮೂಸಿದರೂ ಮೊಲೆಗೆ ಬಾಯಿ ಹಾಕುವುದಿಲ್ಲ. ಸುತ್ತಲಿನ ಮರಿಗಳು ಜಿಗಿದಾಡುತ್ತಿದ್ದರೂ ಅದು ನಿಂತ ಜಾಗ ಬಿಡುವುದಿಲ್ಲ. "ನೋಡ್ರಿ ಡಾಕ್ಟ್ರ, ಎಷ್ಟು ಸುಮ್ಮನ ನಿಂತೈತಿ. ಅದಕ್ಕೇನೂ ಆಗಿಲ್ಲ" ಎಂದು ಹಿರಿಯರು ನನಗೆ ತೋರಿಸಿದ್ದುಂಟು. ಈ ಪತ್ರ ಆ ಮಾತಿಗೆ ಉತ್ತರ.

ಕುರಿ ತೋಳದ ಬಾಯಿಗೆ ಅಂಜಿಯೇ ಬದುಕಿದ ಜಾತಿ. ಹಿಂಡಿನಲ್ಲಿ ಯಾವುದು ಕುಂಟುತ್ತದೋ, ಯಾವುದು ಬಿದ್ದು ನರಳುತ್ತದೋ ಅದರ ಮೇಲೇ ತೋಳದ ಕಣ್ಣು ಎಂಬುದನ್ನು ಕೊಪ್ಪಳ-ಗದಗದ ಬಯಲಿನಲ್ಲಿ ಕುರಿ ಕಾಯುವವರಿಗೆ ನಾನು ಹೇಳಿಕೊಡಬೇಕಿಲ್ಲ. ನೋವನ್ನು ತೋರಿಸಿಕೊಂಡ ಕುರಿ ಉಳಿಯಲಿಲ್ಲ, ಅಡಗಿಸಿಕೊಂಡದ್ದು ಉಳಿದು ಮರಿ ಹಾಕಿತು. ನಾಯಿಗೆ ಏಟು ಬಿದ್ದರೆ ಓಣಿಗೆಲ್ಲ ಕೇಳುತ್ತದೆ. ಕುರಿಗೆ ಬಿದ್ದರೆ ಪಕ್ಕದಲ್ಲಿದ್ದವರಿಗೂ ತಿಳಿಯುವುದಿಲ್ಲ. ಆದ್ದರಿಂದ ಕುರಿಯ ನೋವನ್ನು ಅದರ ಕೂಗಿನಿಂದ ಅಳೆಯಲು ಬರುವುದಿಲ್ಲ.

ಈ ಲೆಕ್ಕ ತಪ್ಪುವುದು ನಮ್ಮಲ್ಲಿ ಮಾತ್ರವೇನಲ್ಲ. ಅಮೆರಿಕದ ಪಶ್ಚಿಮ ಭಾಗದ ಕುರಿ ಸಾಕಣೆದಾರರಲ್ಲಿ ಚೀಲದ ತುದಿ ಕೊಯ್ದು ಬೀಜಗಳನ್ನು ಹಲ್ಲಿನಿಂದ ಕಚ್ಚಿ ಎಳೆಯುವ ಹಳೆಯ ರೂಢಿಯೊಂದಿದೆ. ಎಳೆಯ ಮರಿಯ ಬೀಜ ಬೆರಳಿಗೆ ಜಾರುತ್ತದೆ, ಹಲ್ಲಿಗೆ ಜಾರುವುದಿಲ್ಲ. ಅಲ್ಲಿನ ಟಿವಿ ನಿರೂಪಕ ಮೈಕ್ ರೋ ಕೊಲೊರಾಡೊ ರಾಜ್ಯದಲ್ಲಿ ಈ ಕೆಲಸವನ್ನು ಸ್ವತಃ ಮಾಡಿ, 2008ರಲ್ಲಿ ಒಂದು ಭಾಷಣದಲ್ಲಿ ಅದನ್ನು ವರ್ಣಿಸಿದರು. ಪಂಡಿತರು ಹೇಳುವಂತೆ ಚೀಲದ ಬುಡಕ್ಕೆ ಬಿಗಿಯಾದ ರಬ್ಬರ್ ಬಳೆ ಹಾಕಿದ ಮರಿ ನಡುಗುತ್ತಾ ನೆಲಕ್ಕೆ ಬಿತ್ತು, ಹಲ್ಲಿನಿಂದ ಎಳೆದ ಮರಿಗಳು ಸ್ವಲ್ಪ ಹೊತ್ತಿಗೇ ಓಡಾಡಿಕೊಂಡಿದ್ದವು, ಹಾಗಾಗಿ ಪುಸ್ತಕದ ಪಂಡಿತರಿಗಿಂತ ಹಳ್ಳಿಯ ರೂಢಿಯೇ ದಯೆಯುಳ್ಳದ್ದು ಎಂಬುದು ಅವರ ವಾದ. ಆ ಭಾಷಣ ಕೇಳಿ ತಲೆದೂಗಿದವರು ಲಕ್ಷಾಂತರ.

ಅವರು ಕಂಡದ್ದು ಸುಳ್ಳಲ್ಲ. ಬಳೆ ಹಾಕಿದ ಮರಿ ಮೊದಲ ಒಂದೆರಡು ಗಂಟೆ ಒದ್ದಾಡುವುದು ನಿಜ. ಆದರೆ ಒದ್ದಾಡದ ಮರಿಗೆ ನೋವಿಲ್ಲ ಎಂಬ ತೀರ್ಮಾನ ನಿಲ್ಲುವುದಿಲ್ಲ. ನ್ಯೂಜಿಲೆಂಡಿನಲ್ಲಿ ಡೇವಿಡ್ ಮೆಲ್ಲರ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಮೊಲೊನಿ, ಕೆಂಟ್ ಮುಂತಾದವರು 1990ರ ದಶಕದಲ್ಲಿ ಇದನ್ನೇ ಹಿಡಿದು ಕೂತರು. ಬಳೆ, ಇಕ್ಕಳ, ಚಾಕು ಹೀಗೆ ಬೇರೆ ಬೇರೆ ವಿಧಾನಗಳನ್ನು ಹೋಲಿಸಿ, ಮರಿಗಳು ಹೇಗೆ ನಿಲ್ಲುತ್ತವೆ, ಹೇಗೆ ಮಲಗುತ್ತವೆ, ಎಷ್ಟು ಸಲ ಏಳುತ್ತವೆ ಎಂದು ಗಂಟೆಗಟ್ಟಲೆ ಬರೆದುಕೊಂಡರು. ರಕ್ತ ತೆಗೆದು ಕಾರ್ಟಿಸಾಲ್ ಅಳೆದರು. ಜೀವಕ್ಕೆ ಸಂಕಟವಾದಾಗ ಏರುವ ಹಾರ್ಮೋನು ಅದು. ಚಾಕುವಿನಿಂದ ಬೀಜ ತೆಗೆದ ಮರಿಗಳಲ್ಲಿ ಅದು ಬಳೆಯ ಮರಿಗಳಿಗಿಂತ ಹೆಚ್ಚು ಏರಿತ್ತು, ಇಳಿಯಲು ಹೆಚ್ಚು ಹೊತ್ತು ಹಿಡಿಯಿತು. ಬಳೆಯ ಮರಿ ಬಿದ್ದು ಹೊರಳಾಡುತ್ತದೆ, ಗಾಯದ ಮರಿ ಅಲುಗಾಡದೆ ನಿಲ್ಲುತ್ತದೆ. ಅಲುಗಾಡಿದರೆ ನೋವು ಹೆಚ್ಚುತ್ತದೆ ಎಂದು ಅದಕ್ಕೆ ಗೊತ್ತು. ನೀವು ನನಗೆ ತೋರಿಸಿದ ಸುಮ್ಮನೆ ನಿಂತ ಮರಿಯೂ ಇದೇ ಸ್ಥಿತಿಯಲ್ಲಿದ್ದದ್ದು. ಬೀಜವನ್ನು ಕಲ್ಲಿನ ಮೇಲಿಟ್ಟು ಜಜ್ಜುವುದು ಚಾಕುವಿಗಿಂತ ಹಗುರವಾಗಿರಲು ಯಾವ ಕಾರಣವೂ ಇಲ್ಲ.

ಹಲ್ಲಿನ ರೂಢಿಗೆ ಇನ್ನೊಂದು ಬೆಲೆಯೂ ಇದೆ. 2011ರಲ್ಲಿ ವಯೋಮಿಂಗ್ ರಾಜ್ಯದಲ್ಲಿ 1,600 ಮರಿಗಳ ಬೀಜ ತೆಗೆದು ಬಾಲ ಕತ್ತರಿಸುವ ಕೆಲಸದಲ್ಲಿದ್ದ ಇಬ್ಬರಿಗೆ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುವಿನಿಂದ ವಾಂತಿ-ಭೇದಿ ಹಿಡಿಯಿತು. ಇಬ್ಬರೂ ಹಲ್ಲು ಬಳಸಿದವರು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಆ ವರ್ಷವೇ ಎಚ್ಚರಿಕೆ ಪ್ರಕಟಿಸಿತು. ನಮ್ಮಲ್ಲಿ ಹಲ್ಲು ಹಾಕದಿದ್ದರೂ ರಕ್ತವಂತೂ ಕೈಗೆ ಹತ್ತುತ್ತದೆ. ಕುರಿಯಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲಾ ಜ್ವರ ತಿಂಗಳುಗಟ್ಟಲೆ ಕೀಲುನೋವು ಕೊಡುವ ಕಾಯಿಲೆ. ಕೈಗವಸು ಹಾಕದೆ ಹಸಿ ಗಾಯ ಮುಟ್ಟುವ ಅಭ್ಯಾಸ ಮರಿಗಷ್ಟೇ ಅಲ್ಲ, ನಿಮ್ಮ ಮನೆಗೂ ಕೇಡು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಬೀಜ ಒಡೆಯುವುದಾದರೂ ಯಾಕೆ? ನೀವು ಹೇಳುವ ಕಾರಣ ಮೂರು.

ಒಡೆದ ಮರಿ ಬೇಗ ಮೈತುಂಬುತ್ತದೆ ಎಂಬುದು ಮೊದಲನೆಯದು. ಇದು ಅರ್ಧ ನಿಜ. ಒಡೆದ ಮರಿಗೆ ತುಂಬುವುದು ಕೊಬ್ಬು. ಮಾಂಸ ಕಟ್ಟುವ ಹಾರ್ಮೋನು ಬರುವುದು ಬೀಜದಿಂದಲೇ. ಅದೇ ಮೇವು, ಅದೇ ವಯಸ್ಸು ಇಟ್ಟು ನೋಡಿದರೆ ಒಡೆಯದ ಗಂಡುಮರಿ ಹೆಚ್ಚು ವೇಗವಾಗಿ ತೂಕ ಏರುತ್ತದೆ, ಕೊಬ್ಬಿಗಿಂತ ಮಾಂಸ ಹೆಚ್ಚು ಕೊಡುತ್ತದೆ. ಒಡೆದ ಮೇಲೆ ಮರಿ ಮೇವು ಬಿಟ್ಟು ಸೊರಗುವ ದಿನಗಳ ನಷ್ಟ ಬೇರೆ. ಮೂರರಿಂದ ಆರು ತಿಂಗಳೊಳಗೆ ಸಂತೆಗೆ ಹೋಗುವ ಮರಿಯ ಬೀಜ ಒಡೆದು ನೀವು ಗಳಿಸುವುದು ಏನೂ ಇಲ್ಲ. ಅಮೀನಗಡದಲ್ಲೋ ಕೆರೂರಿನಲ್ಲೋ ಬಕ್ರೀದ್‌ಗೆ ಮುಂಚಿನ ಸಂತೆ ನೋಡಿದವರಿಗೆ ಇದು ಗೊತ್ತು. ಅಲ್ಲಿ ಜನ ಮುತ್ತುವುದು ಕೋಡು ತಿರುಗಿದ, ಎದೆ ಅಗಲವಾದ, ಬೀಜ ಇರುವ ಟಗರಿನ ಸುತ್ತ.

ಕಂಡ ಕಂಡ ಟಗರು ಹಿಂಡಿನ ಕುರಿಗಳನ್ನು ಹಾರಬಾರದು ಎಂಬುದು ಎರಡನೆಯದು. ಇದು ತೂಕವಿರುವ ಕಾರಣ, ಇದನ್ನು ತಳ್ಳಿಹಾಕಲಾರೆ. 25-30 ಕುರಿಗೆ ಒಂದು ಒಳ್ಳೆಯ ಟಗರು ಸಾಕು. ಅದೇ ಟಗರಿನ ಮಗ, ಮೊಮ್ಮಗ ಅದೇ ಹಿಂಡಿನಲ್ಲಿ ಹಾರತೊಡಗಿದರೆ ಮರಿಗಳು ಗಿಡ್ಡಾಗುತ್ತವೆ, ಸಾಯುತ್ತವೆ. ಆದರೆ ನಮ್ಮ ಹಿಂಡುಗಳಲ್ಲಿ ಆಗುವುದೇನು? ಚೆನ್ನಾಗಿ ಬೆಳೆದ ಗಂಡುಮರಿಗೆ ದಲ್ಲಾಳಿ ಮೊದಲು ದುಡ್ಡು ಎಣಿಸುತ್ತಾನೆ, ಅದು ಹೋಗುತ್ತದೆ. ಯಾರಿಗೂ ಬೇಡವಾದ ಮರಿ ಹಿಂಡಿನಲ್ಲಿ ಉಳಿದು ದೊಡ್ಡದಾಗಿ ಹಾರುತ್ತದೆ. ಹೀಗೆ ವರ್ಷ ವರ್ಷ ನಾವೇ ತಳಿ ಕೆಡಿಸಿಕೊಳ್ಳುತ್ತೇವೆ. ಇದಕ್ಕೆ ಮೊದಲ ಮದ್ದು ಕೊಡತಿಯಲ್ಲ, ಆಯ್ಕೆ. ಹುಟ್ಟಿದ ತೂಕ, ತಾಯಿಯ ಹಾಲು, ಕಾಲಿನ ಗಟ್ಟಿತನ ನೋಡಿ ಬೀಜದ ಟಗರಾಗಬೇಕಾದ ಮರಿಯನ್ನು ಮೊದಲೇ ಗುರುತು ಹಾಕಿ, ದಲ್ಲಾಳಿ ಎಷ್ಟು ಕೊಟ್ಟರೂ ಕೊಡಬೇಡಿ. ಉಳಿದವನ್ನು ಪ್ರಾಯಕ್ಕೆ ಬರುವ ಮುನ್ನ, ಅಂದರೆ ನಾಲ್ಕೈದು ತಿಂಗಳೊಳಗೆ ಮಾರಿ ಅಥವಾ ಬೇರೆ ಹಿಂಡು ಮಾಡಿ. ಎರಡು ವರ್ಷಕ್ಕೊಮ್ಮೆ ಬೇರೆ ಹಟ್ಟಿಯವರ ಜೊತೆ ಟಗರು ಬದಲಿಸಿಕೊಳ್ಳಿ.

ದಾರಿಯ ಮೇಲೇ ಬದುಕುವ ನಮಗೆ ಗಂಡುಮರಿಗೆ ಬೇರೆ ಹಿಂಡು ಎಲ್ಲಿಂದ ತರೋಣ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಪೂರ್ವ ಆಫ್ರಿಕದ ಮಸಾಯಿ ಕುರಿಗಾಹಿಗಳೂ ನಿಮ್ಮಂತೆ ಹಿಂಡಿನ ಹಿಂದೆ ನಡೆಯುವವರು. ಅವರು ಟಗರಿನ ಹೊಟ್ಟೆಯ ಕೆಳಗೆ ಚರ್ಮದ ತುಂಡೊಂದನ್ನು ಇಳಿಬಿಟ್ಟು ಕಟ್ಟುತ್ತಾರೆ. ಟಗರು ಹಾರಿದರೂ ಕುರಿ ಗಬ್ಬ ಕಟ್ಟುವುದಿಲ್ಲ. ಮರಿ ಬೇಕಾದ ಕಾಲಕ್ಕೆ ಐದು ತಿಂಗಳು ಮುಂಚೆ ಅದನ್ನು ಬಿಚ್ಚುತ್ತಾರೆ. ಮಳೆ ಬಿದ್ದು ಹುಲ್ಲು ಚಿಗುರುವ ಹೊತ್ತಿಗೆ ಮರಿಗಳು ಹುಟ್ಟುತ್ತವೆ. ನಮ್ಮಲ್ಲಿ ಚರ್ಮದ ಬದಲು ದಪ್ಪ ಗೋಣಿತಟ್ಟನ್ನೋ ಕ್ಯಾನ್ವಾಸನ್ನೋ ಬಳಸಬಹುದು. ವಾರಕ್ಕೊಮ್ಮೆ ಬಿಚ್ಚಿ, ಕೆಳಗೆ ಹುಣ್ಣಾಗಿದೆಯೇ, ತೇವ ಕೂತಿದೆಯೇ ನೋಡಿದರೆ ಆಯಿತು. ಒಂದು ಟಗರಿನ ಮೇಲೆ ಒಂದು ಹಂಗಾಮು ಪ್ರಯತ್ನಿಸಿ ನೋಡಿ.

ಮೂರನೆಯ ಕಾರಣ ಗುದ್ದಾಟ. ಎರಡು ಹಲ್ಲು ಬಂದ ಟಗರುಗಳು ನಾಲ್ಕಾರು ಒಂದೇ ಹಟ್ಟಿಯಲ್ಲಿದ್ದರೆ ಗುದ್ದಾಡುವುದು ಸಹಜ. ಮಾರುವ ಮರಿಯನ್ನು ಸಮಯಕ್ಕೆ ಮಾರಿದರೆ ಈ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಗುದ್ದಾಡಿಸಲೆಂದೇ ಟಗರು ಸಾಕುವವರ ವಿಷಯ ಇಲ್ಲಿ ಬೇಡ. ಪ್ರಾಣಿಗಳನ್ನು ಕಾದಾಡಿಸುವುದು ಕಾನೂನಿನಲ್ಲಿ ಅಪರಾಧ, ಅದು ಅವರಿಗೂ ಗೊತ್ತು.

ಇಷ್ಟೆಲ್ಲ ಸೋಸಿದ ಮೇಲೆ ಉಳಿಯುವುದು ಕೆಲವೇ ಮರಿಗಳು. ಆರು ತಿಂಗಳು ದಾಟಿ ಹಿಂಡಿನಲ್ಲೇ ಉಳಿಯಬೇಕಾದವು, ಬೀಜಕ್ಕೆ ಬೇಡವಾದವು, ಬೇರೆ ಇಡಲು ಜಾಗವಿಲ್ಲದವು. ಇವುಗಳ ಬೀಜ ಒಡೆಯಬೇಕಾಗಬಹುದು. ಆಗ ವಯಸ್ಸು, ಇಕ್ಕಳ, ನೋವಿನ ಔಷಧ ಈ ಮೂರನ್ನು ನೋಡಿಕೊಳ್ಳಿ.

ವಯಸ್ಸು ಏರಿದಷ್ಟೂ ನೋವು, ರಕ್ತ, ಅಪಾಯ ಎಲ್ಲವೂ ಏರುತ್ತವೆ. ಹಲ್ಲು ಬಂದ ಟಗರನ್ನು ಕೆಡವಿ ಬಡಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬ್ರಿಟನ್ನಿನಲ್ಲಿ ಅರಿವಳಿಕೆ ಇಲ್ಲದೆ ರಬ್ಬರ್ ಬಳೆ ಹಾಕಲು ಅನುಮತಿ ಇರುವುದು ಹುಟ್ಟಿದ ಮೊದಲ ಒಂದು ವಾರ ಮಾತ್ರ. ಮೂರು ತಿಂಗಳು ದಾಟಿದ ಮರಿಯನ್ನು ಪಶುವೈದ್ಯರೇ, ಅರಿವಳಿಕೆ ಕೊಟ್ಟೇ ಮಾಡಬೇಕು. ನಮ್ಮಲ್ಲೂ ಈ ಮೂರು ತಿಂಗಳ ಗೆರೆಯನ್ನು ನೀವೇ ಹಾಕಿಕೊಳ್ಳಿ. ಆದರೆ ಹುಟ್ಟಿದ ದಿನವೇ ಕೈ ಹಾಕಬೇಡಿ. ಮರಿ ಗಿಣ್ಣದ ಹಾಲು ಕುಡಿದು ತಾಯಿಯ ಗುರುತು ಹಿಡಿಯಬೇಕು.

ಇಕ್ಕಳ ಎಂದರೆ ಪಶು ಆಸ್ಪತ್ರೆಯಲ್ಲಿ ನೀವು ನೋಡಿರುವ ಬರ್ಡಿಜೋ. ಇಟಲಿಯ ಪಶುವೈದ್ಯ ನೆಪೋಲಿಯೋನೆ ಬರ್ಡಿಜೋ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾಡಿದ ಸಾಧನ ಅದು. ಅದರ ಗುಣವೇನೆಂದರೆ ಬೀಜವನ್ನು ಮುಟ್ಟುವುದಿಲ್ಲ, ಚರ್ಮವನ್ನು ಹರಿಯುವುದಿಲ್ಲ. ಬೀಜಕ್ಕೆ ರಕ್ತ ಒಯ್ಯುವ ನರದ ಹುರಿಯನ್ನು ಚರ್ಮದ ಮೇಲಿನಿಂದಲೇ ಅದುಮಿ ಕಡಿಯುತ್ತದೆ. ರಕ್ತ ಸಿಗದ ಬೀಜ ನಾಲ್ಕಾರು ವಾರಗಳಲ್ಲಿ ಒಳಗೇ ಬತ್ತುತ್ತದೆ. ಗಾಯವಿಲ್ಲ, ನೊಣವಿಲ್ಲ. "ಬರ್ಡಿಜೋ ಹಾಕಿಸಿದ್ರೂ ಟಗರು ಹಾರಾಕತ್ತೈತ್ರಿ" ಎಂದು ನೀವು ದೂರುವುದನ್ನು ಕೇಳಿದ್ದೇನೆ. ಹಾಗಾಗುವುದು ಹುರಿ ಜಾರಿ ಇಕ್ಕಳದ ಬಾಯಿಗೆ ಸಿಗದಿದ್ದಾಗ. ಒಂದೊಂದು ಹುರಿಯನ್ನು ಬೇರೆ ಬೇರೆಯಾಗಿ ಚೀಲದ ಹೊರ ಅಂಚಿಗೆ ತಳ್ಳಿ ಹಿಡಿಯಬೇಕು, ಅದುಮಿದ ಮೇಲೆ ಕೆಲವು ಸೆಕೆಂಡು ಹಾಗೇ ಬಿಡಬೇಕು. ಎರಡು ಕಡೆಯ ಗುರುತುಗಳು ನಡುವೆ ಕೂಡಬಾರದು. ನಡುವಿನ ಚರ್ಮ ಉಳಿದರೆ ಮಾತ್ರ ಚೀಲಕ್ಕೆ ರಕ್ತ ಹರಿಯುತ್ತದೆ, ಇಲ್ಲವಾದರೆ ಚೀಲವೇ ಕೊಳೆಯುತ್ತದೆ. ಹೋರಿಗೆ ಬಳಸುವ ದೊಡ್ಡ ಇಕ್ಕಳವನ್ನು ಮರಿಗೆ ಹಾಕಬಾರದು, ಕುರಿಗೆ 9 ಇಂಚಿನ ಸಣ್ಣದು ಬರುತ್ತದೆ. ಆರು ವಾರ ಬಿಟ್ಟು ಕೈಯಿಂದ ಮುಟ್ಟಿ ನೋಡಿ. ಬೀಜ ಗಟ್ಟಿ ಉಂಡೆಯಾಗಿ ಚಿಕ್ಕದಾಗಿದ್ದರೆ ಕೆಲಸ ಆಗಿದೆ.

ಇನ್ನು ನೋವು. ಇಕ್ಕಳದಿಂದಲೂ ನೋವಾಗುತ್ತದೆ, ಸುಳ್ಳು ಹೇಳಲಾರೆ. ಅದಕ್ಕೆ ಎರಡು ಔಷಧ ಇವೆ. ಜಾಗ ಮರಗಟ್ಟಿಸುವ ಲಿಗ್ನೊಕೇನ್ ಅನ್ನು ಹುರಿಯ ಬಳಿ ಚುಚ್ಚಿ, ಕೆಲವು ನಿಮಿಷ ಕಾದು ಇಕ್ಕಳ ಹಾಕಿದರೆ ಆ ಹೊತ್ತಿನ ನೋವು ಬಹಳ ತಗ್ಗುತ್ತದೆ. ಕುರಿಮರಿಗೆ ಇದು ಹೆಚ್ಚಾದರೆ ವಿಷ, ಆದ್ದರಿಂದ ತೂಕ ನೋಡಿ ಪಶುವೈದ್ಯರೇ ಕೊಡಬೇಕು. ಎರಡನೆಯದು ಮೆಲಾಕ್ಸಿಕಾಮ್. ಮರಗಟ್ಟಿದ್ದು ಬಿಟ್ಟ ಮೇಲೆ ಬರುವ ಬಾವು, ನೋವನ್ನು ಅದು ತಡೆಯುತ್ತದೆ. ಮರಿ ಅಂದೇ ಮೊಲೆಗೆ ಹೋಗುತ್ತದೆ, ಮೇವು ಬಿಡುವುದಿಲ್ಲ. ಕರುಣೆಯ ಮಾತು ಬಿಟ್ಟು ಬರೀ ಲಾಭದ ಲೆಕ್ಕ ಹಾಕಿದರೂ ಆ ಇಂಜೆಕ್ಷನ್ನಿನ ಖರ್ಚು ಮರಿಯ ತೂಕದಲ್ಲಿ ಹಿಂದಿರುಗಬಹುದು.

ಇಲ್ಲಿ ಒಂದು ಎಚ್ಚರಿಕೆ. ನೋವಿನ ಇಂಜೆಕ್ಷನ್ ಎಂದ ಕೂಡಲೇ ಊರಿನ ಮೆಡಿಕಲ್ ಅಂಗಡಿಯಿಂದ ಮನುಷ್ಯರ ಡೈಕ್ಲೋಫಿನಾಕ್ ತಂದು ಚುಚ್ಚಬೇಡಿ. ಅದನ್ನು ಚುಚ್ಚಿದ ಜಾನುವಾರು ಸತ್ತು, ಹೆಣವನ್ನು ರಣಹದ್ದು ತಿಂದರೆ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ದೇಶದ ರಣಹದ್ದುಗಳು ಅಳಿವಿನ ಅಂಚಿಗೆ ಬಂದದ್ದೇ ಹೀಗೆ. 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆಯನ್ನು ನಿಷೇಧಿಸಿದರು. 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫಿನಾಕ್‌ಗಳನ್ನೂ ಸೇರಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳಿಗಾಗಿ 2012ರಲ್ಲಿ ಧಾಮ ಮಾಡಿದ್ದನ್ನು ನೀವು ಕೇಳಿರಬಹುದು. ಮೆಲಾಕ್ಸಿಕಾಮ್ ಹದ್ದಿಗೆ ತೊಂದರೆ ಮಾಡುವುದಿಲ್ಲ. ಮರಿಯ ನೋವು ತಗ್ಗಿಸಲು ಹೋಗಿ ಹದ್ದನ್ನು ಕೊಲ್ಲುವುದು ಬೇಡ.

ಆಮೇಲಿನ ಆರೈಕೆಯಲ್ಲಿ ನೀವು ನನಗಿಂತ ಬಲ್ಲವರು, ಆದರೂ ಎರಡು ಮಾತು. ಮಳೆಗಾಲದಲ್ಲಿ, ನೊಣ ಹೆಚ್ಚಿರುವ ದಿನಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ. ಹಸಿ ಗಾಯಕ್ಕೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ತಂಪು ಹೊತ್ತಿನಲ್ಲಿ ಮಾಡಿ, ಅಂದು ಹಿಂಡನ್ನು ದೂರ ನಡೆಸಬೇಡಿ. ದಾರ, ಬಳೆ ಹಾಕಿದ ಜಾಗ ಧನುರ್ವಾಯುವಿನ ರೋಗಾಣುವಿಗೆ ಹೇಳಿಮಾಡಿಸಿದ್ದು, ಏಕೆಂದರೆ ಗಾಳಿಯಾಡದ ಸತ್ತ ಮಾಂಸದಲ್ಲೇ ಅದು ಬೆಳೆಯುತ್ತದೆ. ವಾರ-ಹತ್ತು ದಿನ ಬಿಟ್ಟು ಮರಿಯ ಕಾಲು ಸೆಟೆದು, ದವಡೆ ಕಚ್ಚಿಕೊಂಡರೆ ಅದು ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ, ಧನುರ್ವಾಯು. ಆಮೇಲೆ ಉಳಿಸುವುದು ಕಷ್ಟ, ಮೊದಲೇ ಲಸಿಕೆ ಹಾಕಿಸಬೇಕು. ಗಾಯಕ್ಕೆ ಬೂದಿ, ಸಗಣಿ ಹಚ್ಚುವುದನ್ನು ಬಿಟ್ಟುಬಿಡಿ.

ಕಾನೂನಿನ ಮಾತನ್ನೂ ತಿಳಿದಿರಿ. ಯಾರಾದರೂ ಬಂದು ಹೆದರಿಸಿದರೆ ಬೇಕಾಗುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ಬೀಜ ಒಡೆಯುವುದನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿದೆ, ಆದರೆ ಗೊತ್ತುಪಡಿಸಿದ ವಿಧಾನದಲ್ಲಿ ಮಾಡಿದರೆ ಮಾತ್ರ. ಕಲ್ಲಿನ ಮೇಲಿಟ್ಟು ಜಜ್ಜುವುದಕ್ಕೆ ಆ ರಕ್ಷಣೆ ಸಿಗುತ್ತದೆಂದು ನಂಬಿ ಕೂರಬೇಡಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೆಯ ಕಲಮು ಇದನ್ನು ಸಣ್ಣ ಚಿಕಿತ್ಸೆಗಳ ಸಾಲಿಗೆ ಸೇರಿಸಿದೆ. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದ ಸಿಬ್ಬಂದಿ ಇದನ್ನು ಮಾಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಅಂದರೆ ಪ್ರತಿ ಮರಿಗೂ ಡಾಕ್ಟರೇ ಬರಬೇಕೆಂದಿಲ್ಲ. ದಾರಿ ಇದೆ, ನಡೆಸಿಕೊಡುವವರು ಬೇಕು.

ಆದ್ದರಿಂದ ಹೊಣೆಯೆಲ್ಲ ನಿಮ್ಮ ತಲೆಯ ಮೇಲೆ ಹೊರಿಸಿ ನಾನು ಕೈತೊಳೆದುಕೊಳ್ಳುವುದಿಲ್ಲ. ಆಸ್ಪತ್ರೆ ಊರಿನಲ್ಲಿ, ಹಿಂಡು ಅಡವಿಯಲ್ಲಿ. ಇಂದು ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆ ಕುರಿ ಕೂಡಿಸಿದವರು ನಾಳೆ ಇನ್ನೊಂದು ತಾಲ್ಲೂಕಿನಲ್ಲಿರುತ್ತೀರಿ. ಕುರಿಯನ್ನು ಆಸ್ಪತ್ರೆಗೆ ಹೊಡೆದುಕೊಂಡು ಬನ್ನಿ ಎಂದು ಹೇಳುವುದು ಸುಲಭ, ಬರುವುದು ಆಗದ ಮಾತು. ಇಕ್ಕಳ, ಇಂಜೆಕ್ಷನ್ ಎರಡೂ ಹಟ್ಟಿಗೆ ಬರಬೇಕು. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆ ಈಗ ಇದೆ. ರೋಗ ಬಂದಾಗ ಮಾತ್ರವಲ್ಲ, ಇದಕ್ಕೂ ಕರೆಯಿರಿ. ಕೇಳುವವರು ಹೆಚ್ಚಾದರೆ ಕೊಡುವವರು ಕದಲುತ್ತಾರೆ.

ನಿಮ್ಮ ತಾಲ್ಲೂಕಿನ ಕುರಿ-ಮೇಕೆ ಸಾಕಣೆದಾರರ ಸಹಕಾರ ಸಂಘಗಳಲ್ಲಿ ಇದನ್ನು ಠರಾವು ಮಾಡಿ ಪಶುಪಾಲನಾ ಇಲಾಖೆಗೂ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮಕ್ಕೂ ಕಳಿಸಿ. ಪ್ರತಿ ಸಂಘಕ್ಕೆ ಕುರಿಯ ಅಳತೆಯ ಬರ್ಡಿಜೋ ಕೊಡಲಿ. ವಲಸೆ ಹೊರಡುವ ಮುನ್ನ ಲಸಿಕೆ ಹಾಕುವ ದಿನವೇ ಬೀಜ ಒಡೆಯುವ ಶಿಬಿರವನ್ನೂ ಇಡಲಿ, ನೋವಿನ ಔಷಧವನ್ನು ಲಸಿಕೆಯಂತೆ ಉಚಿತವಾಗಿ ಕೊಡಲಿ. ಹಟ್ಟಿಯಲ್ಲಿ ಎಳೆಮರಿಗಳನ್ನು ನೋಡಿಕೊಳ್ಳುವವರು ಹೆಣ್ಣುಮಕ್ಕಳು; ಯಾವ ಮರಿ ಯಾವ ತಾಯಿಯದು, ಯಾವುದು ಹಾಲು ಬಿಟ್ಟಿದೆ ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹಳ್ಳಿಯಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಪಶು ಸಖಿಯರಾಗಿ ತರಬೇತಿ ಪಡೆಯುವವರಲ್ಲಿ ಕುರಿಗಾಹಿ ಮನೆಯ ಹೆಣ್ಣುಮಕ್ಕಳು ಹೆಚ್ಚಾಗಿ ಇರಲಿ. ಮರಿಯ ಮುಖ ನೋಡಿ ನೋವು ಗುರುತಿಸುವುದನ್ನು ಆ ತರಬೇತಿಯಲ್ಲಿ ಕಲಿಸಲಿ.

ಇದು ಹಿಂದಿನಿಂದ ಬಂದ ಪದ್ಧತಿ, ನಮ್ಮ ಹಿರಿಯರು ದಡ್ಡರೇ ಎಂದು ಕೆಲವರು ಕೇಳುತ್ತೀರಿ. ಖಂಡಿತ ಅಲ್ಲ. ಅವರ ಕೈಗೆ ಸಿಕ್ಕಿದ್ದು ಕಲ್ಲು, ಕೊಡತಿ, ಅರಿಸಿನ. ಇದ್ದದ್ದರಲ್ಲಿ ಹಿಂಡು ಉಳಿಸಿದರು. ಕರುಳುಬೇನೆಗೆ ಅವರ ಕಾಲದಲ್ಲಿ ಲಸಿಕೆ ಇರಲಿಲ್ಲ. ಬಂದ ಮೇಲೆ ನೀವೇ ಸಾಲುಗಟ್ಟಿ ನಿಂತು ಹಾಕಿಸಿದಿರಿ, ಹಿರಿಯರಿಗೆ ಅದರಿಂದ ಅವಮಾನವಾಗಲಿಲ್ಲ. ಇದೂ ಹಾಗೆಯೇ.

ಕೊನೆಯದಾಗಿ ನನ್ನ ಕೋರಿಕೆ. ಈ ಸಲ ಮರಿಗಳಾದಾಗ ಗಂಡುಮರಿಗಳನ್ನೆಲ್ಲ ಒಂದು ಕಡೆ ಕೂಡಿಸಿ, ಯಾವುದು ಬೀಜಕ್ಕೆ, ಯಾವುದು ಸಂತೆಗೆ, ಯಾವುದು ಹಿಂಡಿನಲ್ಲೇ ಉಳಿಯುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಬೀಜಕ್ಕೆ ಮತ್ತು ಸಂತೆಗೆ ಹೋಗುವ ಮರಿಯನ್ನು ಮುಟ್ಟಬೇಡಿ. ಹಿಂಡಿನಲ್ಲೇ ಉಳಿಯುವ ಮರಿಗೆ ಮೂರು ತಿಂಗಳೊಳಗೆ ಡಾಕ್ಟರನ್ನು ಕರೆಸಿ, ಇಕ್ಕಳ ತನ್ನಿ ಎನ್ನಿ, ನೋವಿನ ಇಂಜೆಕ್ಷನ್ ಕೊಟ್ಟೇ ಮಾಡಿ ಎಂದು ಪಟ್ಟು ಹಿಡಿಯಿರಿ. ಔಷಧ ಇಲ್ಲ ಎಂದು ಹೇಳಿದರೆ ಬರೆದು ಕೇಳಿ, ಸಂಘದ ಹೆಸರಿನಲ್ಲಿ ಕೇಳಿ. ಕುರಿ ತನ್ನ ನೋವನ್ನು ಹೇಳಿಕೊಳ್ಳುವುದಿಲ್ಲ. ಅದರ ಪರವಾಗಿ ಹೇಳಬೇಕಾದವರು ನೀವು.

ಇತಿ ನಿಮ್ಮವನು,
ಒಬ್ಬ ನಿವೃತ್ತ ಪಶುವೈದ್ಯ